ಪರಮಾಣುಬಂಧದ ನಿರೂಪಣೆಯಲ್ಲಿ ಆಖ್ಯಾತದೋಷ

೧

ಕನ್ನಡದಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವ ವಿಷಯವಾಗಿ ನಡೆದ ಚರ್ಚೆಗಳು ಬಹುಮಟ್ಟಿಗೆ ನಾಮಪದಗಳನ್ನು ಕುರಿತವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದ ಇಂದಿನವರೆಗೆ, ಇಂಗ್ಲಿಷಿನ ಯಾವ ಶಬ್ದಕ್ಕೆ ಕನ್ನಡದಲ್ಲಿ ಯಾವ ಶಬ್ದವನ್ನಿಡಬೇಕು, ಅದು ಸಂಸ್ಕೃತದಿಂದ ಬರಬೇಕೆ, ದೇಶ್ಯವಾಗಿರಬೇಕೆ, ಅಥವಾ ಅನ್ಯಭಾಷೆಯ ರೂಪವನ್ನೇ ಕನ್ನಡದ ಲಿಪಿಯಲ್ಲಿ ಬರೆದರೆ ಸಾಕೆ ಎಂಬ ವಿಚಾರವೇ ವಿದ್ವಾಂಸರ ಶ್ರಮವನ್ನು ಬಹುವಾಗಿ ತೆಗೆದುಕೊಂಡಿದೆ. ಈ ಶ್ರಮ ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಪರಮಾಣು, ಅಣು, ಧಾತು, ಸಂಯುಕ್ತ, ಬಂಧ ಎಂಬ ಮಾತುಗಳು ಇಂದು ಹಳ್ಳಿಯ ಶಾಲೆಯ ಬಾಲಕನ ಬಾಯಲ್ಲಿಯೂ ಸಲೀಸಾಗಿ ಬರುತ್ತವೆ.

ಆದರೆ ಶಾಸ್ತ್ರವು ನಾಮಪದಗಳಿಂದ ಮಾತ್ರ ನಡೆಯುವುದಿಲ್ಲ. ಯಾಸ್ಕಾಚಾರ್ಯನು ನಾಮದಲ್ಲಿ ಸತ್ತ್ವವು ಪ್ರಧಾನವೆಂದೂ ಆಖ್ಯಾತದಲ್ಲಿ, ಎಂದರೆ ಕ್ರಿಯಾಪದದಲ್ಲಿ, ಭಾವವು ಪ್ರಧಾನವೆಂದೂ ವಿಭಾಗಮಾಡಿದ್ದಾನೆ. ಪರಮಾಣುಗಳು ಒಂದರೊಡನೊಂದು ಕೂಡುವುದು ಒಂದು ವಸ್ತುವಲ್ಲ, ಒಂದು ವ್ಯಾಪಾರ ಮತ್ತು ಆ ವ್ಯಾಪಾರದಿಂದ ನಿಲ್ಲುವ ಒಂದು ಸ್ಥಿತಿ. ಆದುದರಿಂದ ಅದರ ನಿರೂಪಣೆಯ ಭಾರವನ್ನೆಲ್ಲ ಹೊರತಕ್ಕದ್ದು ಆಖ್ಯಾತವೇ. ನಮ್ಮ ಪ್ರವೇಶಪಾಠಗಳಲ್ಲಿ ದೋಷವಿರುವುದು ನಾಮಗಳಲ್ಲಲ್ಲ, ಅವುಗಳ ಮುಂದೆ ಕೂರುವ ನಾಲ್ಕು ಕ್ರಿಯಾಪದಗಳಲ್ಲಿ, ಎಂಬುದು ಈ ಲೇಖನದ ಪ್ರತಿಜ್ಞೆ. ಆ ನಾಲ್ಕು ಯಾವುವೆಂದರೆ: ಬಯಸು, ಕೊಡು, ಹಂಚಿಕೊಳ್ಳು, ಮುರಿ. ಯಾವುದೋ ಒಂದು ಗ್ರಂಥವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ತರಗತಿಗಳಲ್ಲಿಯೂ ಪಾಠಗಳಲ್ಲಿಯೂ ಸಾಮಾನ್ಯವಾಗಿ ಕೇಳಿಬರುವ ವಾಕ್ಯಪದ್ಧತಿಯನ್ನೇ ಇಲ್ಲಿ ಪರೀಕ್ಷಿಸುತ್ತೇವೆ.

೨

ಮೊದಲು ನಾಮಗಳನ್ನು ನೋಡಿ ಅವುಗಳಿಗೆ ಸಲ್ಲಬೇಕಾದ ಕ್ಷಮೆಯನ್ನು ಸಲ್ಲಿಸೋಣ. 'ಆಮ್ಲಜನಕ'ವೆಂಬ ಹೆಸರು ಲಾವೋಸಿಯೆಯ ಒಂದು ತಪ್ಪಿನ ಅನುವಾದ. ಆಮ್ಲಗಳೆಲ್ಲದರಲ್ಲಿಯೂ ಈ ವಾಯು ಇದ್ದೇ ತೀರಬೇಕೆಂದು ಆತನು ನಂಬಿದ್ದನು. ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ ಇದು ಇಲ್ಲವೆಂಬುದನ್ನು ಡೇವಿಯು ೧೮೧೦ರ ಸುಮಾರಿನಲ್ಲಿಯೇ ತೋರಿಸಿದನು. ಆದರೂ ಹೆಸರು ಉಳಿದಿದೆ, ಯಾರಿಗೂ ಹಾನಿಯಾಗಿಲ್ಲ. ಯೋಗಾರ್ಥವು ಕೆಟ್ಟರೂ ರೂಢಿಯು ಅದನ್ನು ಕಾಪಾಡುತ್ತದೆ. ಪಂಕಜವೆಂದಾಗ ನಾವು ಕೆಸರನ್ನು ನೆನೆಯುವುದಿಲ್ಲವಷ್ಟೆ. ಹಾಗೆಯೇ ಶಾಸ್ತ್ರಗ್ರಂಥದಲ್ಲಿ ಪರಮಾಣುಗಳ ಕೂಟಕ್ಕೆ 'ಅಣು'ವೆಂದು ಹೆಸರಿದ್ದರೆ, ವೃತ್ತಪತ್ರಿಕೆಗಳಲ್ಲಿ ಅಣುಬಾಂಬು, ಕೈಗಾ ಅಣುಸ್ಥಾವರ ಎನ್ನುವಾಗ ಅದೇ ಮಾತು ಪರಮಾಣುವಿನ ಗರ್ಭವನ್ನು ಹೇಳುತ್ತದೆ. ಪ್ರಕರಣವನ್ನು ನೋಡಿ ಓದುಗನು ಅರ್ಥಮಾಡಿಕೊಳ್ಳುತ್ತಾನೆ.

'ಬಂಧ'ವೆಂಬ ಶಬ್ದಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಅದು ತರ್ಕಶಾಸ್ತ್ರದ ಯಾವ ಪದಾರ್ಥಕ್ಕೆ ಸಮೀಪವೆಂದು ಕೇಳುವವರಿಗೆ ಮಾತ್ರ ಒಂದು ಮಾತು ಹೇಳಬೇಕು. ಅದು ಸಮವಾಯವಲ್ಲ. ಸಮವಾಯವು ವೈಶೇಷಿಕರ ಮತದಲ್ಲಿ ನಿತ್ಯ, ಅಯುತಸಿದ್ಧಗಳಲ್ಲಿ ಮಾತ್ರ ಇರತಕ್ಕದ್ದು. ಹುಟ್ಟಿ ಅಳಿಯುವ ಬಂಧಕ್ಕೆ ಅದು ಒಪ್ಪದು. ಮರದ ಮೇಲೆ ಕಪಿ ಕುಳಿತಂತಿರುವ ಬರಿಯ ಸಂಯೋಗವೂ ಅಲ್ಲ. ಅಂಥ ಸಂಯೋಗ ಮರಳಿಗೂ ಸಕ್ಕರೆಗೂ ಬೆರಕೆಯಲ್ಲಿ ಇರುತ್ತದೆ. ಅದರಿಂದ ಹೊಸ ದ್ರವ್ಯ ಹುಟ್ಟುವುದಿಲ್ಲ. ಎಳೆಗಳ ಸಂಯೋಗದಿಂದ ಬಟ್ಟೆಯೆಂಬ ಹೊಸ ಅವಯವಿಯು ಹುಟ್ಟುವಂತೆ, ಯಾವ ಸಂಯೋಗವಿದ್ದರೆ ಹೊಸ ದ್ರವ್ಯವಿದ್ದು ಅದು ಹೋದರೆ ದ್ರವ್ಯವೂ ಹೋಗುವುದೋ ಅದನ್ನು ನೈಯಾಯಿಕರು ದ್ರವ್ಯಾರಂಭಕಸಂಯೋಗವೆನ್ನುತ್ತಾರೆ. ಬಂಧವೆಂದರೆ ಇದು. ಜಲಜನಕವು ಉರಿಯುವ ವಾಯು. ಆಮ್ಲಜನಕವು ಉರಿಸುವ ವಾಯು. ನೀರು ಎರಡೂ ಅಲ್ಲ. ಅಮೆರಿಕದ ಪಾಲಿಂಗ್ ಎಂಬ ರಸಾಯನಜ್ಞನು ೧೯೩೯ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಪರಮಾಣುಗಳ ಕೂಟವನ್ನು ಒಂದು ಸ್ವತಂತ್ರ ಅಣುವೆಂದು ಎಣಿಸಲು ಅನುಕೂಲವಾಗುವಷ್ಟು ಸ್ಥಿರತೆಯನ್ನು ಅವುಗಳ ನಡುವಣ ಬಲಗಳು ಉಂಟುಮಾಡಿದರೆ ಅಲ್ಲಿ ಬಂಧವಿದೆಯೆಂದು ನಿರ್ಣಯಿಸಿದ್ದು ಈ ದಾರಿಯಲ್ಲಿಯೇ.

ಇಷ್ಟರಿಂದ ಕಣಾದರು ಇಂದಿನ ರಸಾಯನವನ್ನು ಮೊದಲೇ ಕಂಡಿದ್ದರೆಂದು ಯಾರೂ ಹಿಗ್ಗಬಾರದು. ಅವರ ಪರಮಾಣುಗಳು ಪೃಥಿವಿ, ಅಪ್ಪು, ತೇಜಸ್ಸು, ವಾಯುಗಳೆಂಬ ನಾಲ್ಕೇ ಜಾತಿಯವು, ನಿರವಯವಗಳು. ಅವುಗಳ ಮೊದಲ ಚಲನಕ್ಕೆ ಕಾರಣ ಅದೃಷ್ಟ. ನಿರವಯವವಾದದ್ದು ಹೇಗೆ ಕೂಡೀತು, ಇಡಿಯಾಗಿ ಕೂಡಿದರೆ ಗಾತ್ರ ಬೆಳೆಯದು, ಒಂದು ಪಕ್ಕದಿಂದ ಕೂಡಿದರೆ ಅವಯವವಿದೆಯೆಂದಾಯಿತು ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಮಾಡಿದ ಆಕ್ಷೇಪ ಅವರ ಮೇಲೆ ಉಳಿದೇ ಇದೆ. ಇಂದಿನ ಶಾಸ್ತ್ರವು ಆ ಆಕ್ಷೇಪದಿಂದ ಪಾರಾದದ್ದು ಎರಡನೆಯ ಪಕ್ಷವನ್ನು ಒಪ್ಪಿಕೊಂಡು. ೧೮೯೭ರಲ್ಲಿ ಥಾಮ್ಸನ್ನನು ಎಲೆಕ್ಟ್ರಾನನ್ನೂ ೧೯೧೧ರಲ್ಲಿ ರುದರ್‌ಫರ್ಡನು ಪರಮಾಣುವಿನ ನಡುವಣ ಬೀಜವನ್ನೂ ಕಂಡರು. ಪರಮಾಣುವಿಗೆ ಅವಯವಗಳಿವೆ, ಅದು ಕೂಡುವುದು ಹೊರಗಣ ಎಲೆಕ್ಟ್ರಾನುಗಳ ಮೂಲಕ. ಹೆಸರು ಹಳೆಯದು, ಅರ್ಥ ಹೊಸದು. ನಾಮದ ವಿಷಯದಲ್ಲಿ ಇಷ್ಟು ಸಾಕು.

೩

ಮೊದಲನೆಯ ಆಖ್ಯಾತ 'ಬಯಸು'. ಪ್ರತಿಯೊಂದು ಪರಮಾಣುವೂ ತನ್ನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳನ್ನು ಹೊಂದಲು ಬಯಸುತ್ತದೆ, ಅದಕ್ಕಾಗಿ ಬಂಧವನ್ನು ಮಾಡಿಕೊಳ್ಳುತ್ತದೆ ಎಂದು ಪಾಠವು ಆರಂಭವಾಗುತ್ತದೆ. ಆಲಂಕಾರಿಕರ ದೃಷ್ಟಿಯಿಂದ ಇದು ಉತ್ಪ್ರೇಕ್ಷೆ. ಅಚೇತನದಲ್ಲಿ ಚೇತನಧರ್ಮವನ್ನು ಸಂಭಾವಿಸಿ ಹೇಳುವುದು ಕವಿಗಳಿಗೆ ಭೂಷಣ. ಕವಿಯು 'ಎಂಬಂತೆ', 'ಎನೆ', 'ವೋಲ್' ಎಂಬ ವಾಚಕಗಳನ್ನಿಟ್ಟು, ಇದು ಸಂಭಾವನೆ, ವಸ್ತುಸ್ಥಿತಿಯಲ್ಲ ಎಂದು ಸಹೃದಯನಿಗೆ ತಿಳಿಸುತ್ತಾನೆ. ಪಾಠದ ವಾಕ್ಯದಲ್ಲಿ ವಾಚಕವಿಲ್ಲ. ಅದು ಸಿದ್ಧಾಂತದ ವೇಷದಲ್ಲಿ ಬಂದ ಉತ್ಪ್ರೇಕ್ಷೆ. ಬಾಲಕನು ಅದನ್ನು ಕಾರಣವೆಂದೇ ಸ್ವೀಕರಿಸಿ ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವೂ ಬರುತ್ತದೆ.

ಬಯಕೆಯನ್ನು ಕಾರಣವೆಂದು ಒಪ್ಪಿದವನಿಗೆ ಮುಂದಿನ ದಾರಿ ಮುಚ್ಚಿಹೋಗುತ್ತದೆ. ಬೋರಾನಿನ ಫ್ಲೋರೈಡಿನಲ್ಲಿ ಬೋರಾನಿನ ಸುತ್ತ ಆರೇ ಎಲೆಕ್ಟ್ರಾನುಗಳು; ರಂಜಕದ ಪಂಚಕ್ಲೋರೈಡಿನಲ್ಲಿ ರಂಜಕದ ಸುತ್ತ ಎಣಿಕೆಗೆ ಹತ್ತು. ಎಂಟು ತುಂಬಿರುವುದರಿಂದ ಯಾವುದನ್ನೂ ಬಯಸದ ವಿರಕ್ತಗಳೆಂದು ಹೆಸರುಗೊಂಡ ಜಡಾನಿಲಗಳಲ್ಲಿ ಒಂದಾದ ಕ್ಸೆನಾನು ಕೂಡ ೧೯೬೨ರಲ್ಲಿ ಬಾರ್ಟ್‌ಲೆಟ್ ಎಂಬಾತನ ಕೈಯಲ್ಲಿ ಸಂಯುಕ್ತವಾಯಿತು. ವಿರಕ್ತನಿಗೆ ಬಯಕೆ ಹುಟ್ಟಿದ್ದು ಹೇಗೆ ಎಂದು ಶಿಷ್ಯನು ಕೇಳಿದರೆ ಉಪಾಧ್ಯಾಯರ ಬಳಿ ಉತ್ತರವಿಲ್ಲ. ಎಂಟರ ಎಣಿಕೆಯು ೧೯೧೬ರಲ್ಲಿ ಲೂಯಿಸನೂ ಕೊಸೆಲ್ಲನೂ ಬೇರೆ ಬೇರೆಯಾಗಿ ಗುರುತಿಸಿದ ಒಂದು ಉಪಯುಕ್ತವಾದ ಲೆಕ್ಕ. ಅದು ಬಹುಸ್ಥಲಗಳಲ್ಲಿ ಫಲವನ್ನು ಮುಂತಿಳಿಸುತ್ತದೆ, ಆದರೆ ಕಾರಣವನ್ನು ಹೇಳುವುದಿಲ್ಲ. ಕಾರಣವು ವಿದ್ಯುತ್ತಿನ ಆಕರ್ಷಣ: ಋಣವಿದ್ಯುತ್ತಿನ ಎಲೆಕ್ಟ್ರಾನುಗಳಿಗೂ ಧನವಿದ್ಯುತ್ತಿನ ಬೀಜಗಳಿಗೂ ಇರುವ ಸೆಳೆತ, ಸಜಾತೀಯಗಳೊಳಗಿನ ತಳ್ಳಾಟ, ಇವೆರಡೂ ಸಮತೂಕಕ್ಕೆ ಬಂದಲ್ಲಿ ಒಟ್ಟು ಶಕ್ತಿಯು ಕಡಮೆಯಾಗುವುದು. 'ಎಂಟಾದಾಗ ಶಕ್ತಿ ಕಡಮೆಯಾಗಿ ಕೂಟವು ನಿಲ್ಲುತ್ತದೆ' ಎಂದರೆ ಒಂದೆರಡು ಶಬ್ದ ಹೆಚ್ಚಾಗುತ್ತವೆ, ಸುಳ್ಳು ಹೋಗುತ್ತದೆ.

೪

ಎರಡನೆಯದು 'ಕೊಡು'. ಅಡಿಗೆಯ ಉಪ್ಪಿನ ಪ್ರಸಂಗದಲ್ಲಿ ಸೋಡಿಯಂ ಪರಮಾಣುವು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನಿಗೆ ಕೊಡುತ್ತದೆ, ಆ ಕೊಡುಕೊಳ್ಳುವಿಕೆಯೇ ಅಯಾನಿಕ ಬಂಧ, ಎಂದು ಹೇಳುವುದುಂಟು. ಕೆಲವರು ಉತ್ಸಾಹದಿಂದ ಸೋಡಿಯಮ್ಮನ್ನು ಕರ್ಣನಿಗೆ ಹೋಲಿಸುವುದನ್ನೂ ಕೇಳಿದ್ದೇವೆ. ಹೋಲಿಕೆ ಮನೋಹರವಾದುದು, ಲೆಕ್ಕವು ಅದನ್ನು ಒಪ್ಪುವುದಿಲ್ಲ.

ವಾಯುರೂಪದ ಸೋಡಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಮೋಲು ಒಂದಕ್ಕೆ ಸುಮಾರು ೪೯೬ ಕಿಲೋಜೂಲು ಶಕ್ತಿ ವೆಚ್ಚವಾಗಬೇಕು. ಕ್ಲೋರಿನ್ ಪರಮಾಣುವು ಅದನ್ನು ಸ್ವೀಕರಿಸಿದಾಗ ಹೊರಬರುವುದು ಸುಮಾರು ೩೪೯ ಕಿಲೋಜೂಲು ಮಾತ್ರ. ಕೊಟ್ಟುಕೊಂಡ ವ್ಯವಹಾರದಲ್ಲಿ ೧೪೭ ಕಿಲೋಜೂಲು ನಷ್ಟ! ದಾನವೇ ಬಂಧವಾಗಿದ್ದರೆ ಜಗತ್ತಿನಲ್ಲಿ ಉಪ್ಪೇ ಇರುತ್ತಿರಲಿಲ್ಲ. ನಷ್ಟವನ್ನು ತುಂಬಿಸುವುದು ದಾನವಾದ ಮೇಲೆ ನಡೆಯುವ ಸಂಗತಿ. ವಿರುದ್ಧ ವಿದ್ಯುತ್ತುಳ್ಳ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಜೋಡಿಸಿಕೊಂಡಾಗ ಮೋಲಿಗೆ ಸುಮಾರು ೭೮೭ ಕಿಲೋಜೂಲು ಹೊರಬರುತ್ತದೆ. ಆ ಹರಳಿನಲ್ಲಿ ಒಂದೊಂದು ಸೋಡಿಯಂ ಅಯಾನಿನ ಸುತ್ತಲೂ ಆರು ಕ್ಲೋರೈಡುಗಳು, ಒಂದೊಂದು ಕ್ಲೋರೈಡಿನ ಸುತ್ತಲೂ ಆರು ಸೋಡಿಯಂಗಳು. ದಾನಿಗೆ ಇಂಥವನೇ ಪ್ರತಿಗ್ರಹಿಯೆಂಬ ನಿಯಮವಿಲ್ಲ. 'ಕೊಡು'ವೆಂಬ ಕ್ರಿಯೆ ಸಂಪ್ರದಾನವನ್ನು, ಎಂದರೆ ಚತುರ್ಥೀವಿಭಕ್ತಿಯಲ್ಲಿ ಒಬ್ಬ ಸ್ವೀಕರ್ತೃವನ್ನು, ಅಪೇಕ್ಷಿಸುತ್ತದೆ. ಈ ವ್ಯಾಕರಣವೇ ಬಾಲಕನ ಮನಸ್ಸಿನಲ್ಲಿ ಒಂದು ಸೋಡಿಯಮ್ಮಿಗೂ ಒಂದು ಕ್ಲೋರಿನಿಗೂ ಗಂಟುಹಾಕಿ, ಉಪ್ಪಿನಲ್ಲಿ ಜೋಡಿಜೋಡಿಯಾದ ಅಣುಗಳಿವೆಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ವರ್ಗಾವಣೆಯು ಪೂರ್ವಾಂಗ, ಆಕರ್ಷಣವೇ ಬಂಧ ಎಂದು ಬಿಡಿಸಿ ಹೇಳಬೇಕು.

೫

ಮೂರನೆಯದು 'ಹಂಚಿಕೊಳ್ಳು'. ನಾಲ್ಕರಲ್ಲಿ ಇದೇ ಗುರುತರವಾದ ದೋಷವೆಂದು ನಮ್ಮ ಮತ. ಸಹವೇಲೆನ್ಸೀಯ ಬಂಧದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ ಎಂಬುದು ಸರ್ವತ್ರ ರೂಢವಾದ ವಾಕ್ಯ. ಇದು ಇಂಗ್ಲಿಷಿನ ಒಂದು ಶಬ್ದದ ಎರಡು ಅರ್ಥಗಳಲ್ಲಿ ಬೇಡದ ಅರ್ಥವನ್ನು ಹಿಡಿದು ಮಾಡಿದ ಅನುವಾದ. ಆ ಭಾಷೆಯಲ್ಲಿ ಒಂದೇ ಮಾತು ಪಾಲುಮಾಡಿ ತೆಗೆದುಕೊಳ್ಳುವುದನ್ನೂ ಒಟ್ಟಾಗಿ ಅನುಭವಿಸುವುದನ್ನೂ ಹೇಳುತ್ತದೆ. ಕನ್ನಡದಲ್ಲಿ ಅಣ್ಣತಮ್ಮಂದಿರು ಜಮೀನನ್ನು ಹಂಚಿಕೊಂಡರೆಂದರೆ ಏನರ್ಥ? ಮನೆ ಒಡೆಯಿತು, ಬದು ಹಾಕಿದರು, ನಿನ್ನದು ನಿನಗೆ ನನ್ನದು ನನಗೆ ಎಂದಾಯಿತು. ಹಂಚಿಕೆಯೆಂದರೆ ವಿಭಾಗ. ತರ್ಕಶಾಸ್ತ್ರದಲ್ಲಿ ವಿಭಾಗವೆಂಬ ಗುಣದ ಕಾರ್ಯವಾದರೂ ಏನು? ಸಂಯೋಗವನ್ನು ನಾಶಮಾಡುವುದು! ಸಂಯೋಗವನ್ನು ವರ್ಣಿಸಬೇಕಾದ ವಾಕ್ಯಕ್ಕೆ ಸಂಯೋಗನಾಶಕವಾದ ಕ್ರಿಯಾಪದವನ್ನು ಕೂರಿಸಿದ್ದೇವೆ. ಈ ಮಾತನ್ನು ಕೇಳಿದ ಬಾಲಕನು, ಎರಡು ಎಲೆಕ್ಟ್ರಾನುಗಳಲ್ಲಿ ಒಂದು ಇವನಿಗೆ, ಒಂದು ಅವನಿಗೆ ಎಂದು ಎಣಿಸಿದರೆ ಅವನದು ತಪ್ಪಲ್ಲ. ಅವನು ಕನ್ನಡವನ್ನು ಸರಿಯಾಗಿ ಬಲ್ಲನು.

ವಸ್ತುಸ್ಥಿತಿಯಾದರೋ ಇದಕ್ಕೆ ವಿಪರೀತ. ಎರಡು ಜಲಜನಕ ಪರಮಾಣುಗಳು ಕೂಡಿದಾಗ ಅವುಗಳ ಎರಡು ಎಲೆಕ್ಟ್ರಾನುಗಳೂ ಎರಡು ಬೀಜಗಳ ಸೆಳೆತಕ್ಕೂ ಒಳಗಾಗುತ್ತವೆ. ಇದು ಇವನದು, ಅದು ಅವನದು ಎಂದು ಗುರುತುಹಾಕಲು ಆ ಕಣಗಳಲ್ಲಿ ಭೇದಕಧರ್ಮವೇ ಇಲ್ಲ. ಈ ಅಭೇದವನ್ನು ಗಣಿತದಲ್ಲಿ ಸೇರಿಸಿಯೇ ೧೯೨೭ರಲ್ಲಿ ಹೈಟ್ಲರನೂ ಲಂಡನ್ನನೂ ಜಲಜನಕದ ಅಣುವಿನ ಸ್ಥಿರತೆಯನ್ನು ಮೊದಲು ಸಾಧಿಸಿದರು. ಬೀಜಗಳು ಸುಮಾರು ೭೪ ಪಿಕೋಮೀಟರು ದೂರದಲ್ಲಿ, ಎಂದರೆ ಮೀಟರನ್ನು ಲಕ್ಷಕೋಟಿ ಭಾಗಮಾಡಿದರೆ ಅಂಥ ೭೪ ಭಾಗಗಳಷ್ಟು ಅಂತರದಲ್ಲಿ, ನೆಲೆನಿಲ್ಲುತ್ತವೆ.

ಇದಕ್ಕೆ ತಕ್ಕ ಮಾತನ್ನು ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಅವಿಭಕ್ತ ಕುಟುಂಬದ ಸ್ವತ್ತನ್ನು ಕುರಿತು ವಿಚಾರಮಾಡಿದೆ. ವಿಭಾಗವಾಗುವವರೆಗೆ ದಾಯಾದರ ಸ್ವಾಮ್ಯವು ಸಮುದಾಯದ್ರವ್ಯದ ಮೇಲೆಯೇ ಇರುತ್ತದೆ. ಇಂಥ ತುಂಡು ಇಂಥವನದೆಂದು ನಿಲ್ಲಿಸುವುದೇ ವಿಭಾಗ. ಸಹವೇಲೆನ್ಸೀಯ ಬಂಧವು ಈ ವಿಭಾಗಪೂರ್ವಸ್ಥಿತಿಯಂತಿದೆ. ಭೂದಾಖಲೆಗಳಲ್ಲಿ ರೈತರೆಲ್ಲರೂ ಬಲ್ಲ 'ಜಂಟಿ' ಎಂಬ ಮಾತು ನಮ್ಮಲ್ಲಿದೆ. ಎಲೆಕ್ಟ್ರಾನು ಜೋಡಿಯು ಎರಡು ಪರಮಾಣುಗಳಿಗೂ ಜಂಟಿಯಾಗಿದೆ ಎಂದರೆ ಅರ್ಥವು ನೆಟ್ಟಗೆ ನಿಲ್ಲುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು. ಜಂಟಿ ಸ್ವತ್ತಿನಲ್ಲಿ ಒಬ್ಬನ ಹಿಡಿತವು ಹೆಚ್ಚಾಗಿರಬಹುದು. ನೀರಿನ ಅಣುವಿನಲ್ಲಿ ಆಮ್ಲಜನಕದ ಸೆಳೆತವು ಪ್ರಬಲವಾದುದರಿಂದ ಜೋಡಿಯು ಅದರ ಕಡೆಗೆ ಹೆಚ್ಚು ಒಲೆದಿರುತ್ತದೆ. ಹಂಚಿಕೆಯಾದ ಮೇಲೆ ಇಂಥ ಒಲವನ್ನು ವರ್ಣಿಸಲು ಎಡೆಯೇ ಇಲ್ಲ.

ಈ ಎರಡು ಬಂಧಗಳ ಭೇದವು ಪುಸ್ತಕದ ಮಾತಲ್ಲ. ನಾವಿರುವ ಹೇರೋಹಳ್ಳಿಯ ಕಡೆ, ಮಾಗಡಿ ರಸ್ತೆಯ ಬದಿಯ ಬಡಾವಣೆಗಳಲ್ಲಿ, ಕೊಳವೆಬಾವಿಯ ಗಡಸು ನೀರನ್ನು ಕಾಸುವ ಮನೆಗಳ ಪಾತ್ರೆಗಳಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ ಕಾರ್ಬೊನೇಟು. ಕ್ಯಾಲ್ಸಿಯಂ ಅಯಾನಿಗೂ ಕಾರ್ಬೊನೇಟು ಅಯಾನಿಗೂ ಇರುವುದು ವಿದ್ಯುದಾಕರ್ಷಣ. ಕಾರ್ಬೊನೇಟಿನ ಒಳಗೆ ಇಂಗಾಲಕ್ಕೂ ಮೂರು ಆಮ್ಲಜನಕಗಳಿಗೂ ಇರುವುದು ಜಂಟಿ ಜೋಡಿಗಳು. ಒಂದೇ ಹಕ್ಕಳೆಯಲ್ಲಿ ಎರಡೂ ಇವೆ. ನಿಂಬೆಯ ಹುಳಿಯನ್ನು ಹಾಕಿದಾಗ ನೊರೆಯೇಳುವುದೇಕೆಂದರೆ, ಆಮ್ಲದ ಸಂಪರ್ಕದಿಂದ ಕಾರ್ಬೊನೇಟಿನ ಒಳಬಂಧಗಳಲ್ಲೊಂದು ಕಳಚಿ, ಇಂಗಾಲಾಮ್ಲವಾಯುವು ಹೊರಬರುತ್ತದೆ. ಕೊಡುವ ಕಥೆಯನ್ನೂ ಹಂಚುವ ಕಥೆಯನ್ನೂ ಬೇರೆ ಬೇರೆ ಪಾಠಗಳಲ್ಲಿ ಕಂಠಪಾಠಮಾಡಿದ ಬಾಲಕನು ತನ್ನ ಮನೆಯ ಈ ಹಕ್ಕಳೆಯನ್ನು ವಿವರಿಸಲಾರನು. ಆಕರ್ಷಣವೆಂಬ ಒಂದೇ ಕಾರಣದ ಎರಡು ಪರಿಗಳನ್ನು ಕಲಿತವನು ವಿವರಿಸಬಲ್ಲನು.

೬

ನಾಲ್ಕನೆಯದು 'ಮುರಿ'. ಬಂಧಗಳಲ್ಲಿ ಶಕ್ತಿಯು ತುಂಬಿದೆ, ಬಂಧವನ್ನು ಮುರಿದರೆ ಅದು ಹೊರಬರುತ್ತದೆ, ಅದರಿಂದಲೇ ಒಲೆಯು ಉರಿಯುತ್ತದೆ ಎಂಬ ಮಾತು ಬುದ್ಧಿವಂತರ ಬಾಯಲ್ಲಿಯೂ ಬರುತ್ತದೆ. ಕಾಯನ್ನು ಒಡೆದರೆ ನೀರು ಸುರಿಯುವಂತೆ, ಎಂದು ಭಾವ. ನಮ್ಮ ದೇಶದ ಓದುಗನಿಗೆ ಈ ಭ್ರಮೆಯು ಇನ್ನೂ ಸುಲಭ. ಬಂಧವೆಂದರೆ ದುಃಖ, ಬಂಧಮೋಚನವೆಂದರೆ ಸುಖ ಎಂದು ಅವನ ಸಂಸ್ಕಾರವೇ ಹೇಳುತ್ತದೆ. ಪರಮಾಣುಗಳ ಲೋಕದಲ್ಲಿ ಇದು ತಲೆಕೆಳಗು. ಜಲಜನಕದ ಅಣುಗಳನ್ನು ಬಿಡಿಪರಮಾಣುಗಳಾಗಿ ಬೇರ್ಪಡಿಸಲು ಮೋಲಿಗೆ, ಎಂದರೆ ಸುಮಾರು ಎರಡು ಗ್ರಾಮಿಗೆ, ೪೩೬ ಕಿಲೋಜೂಲನ್ನು ನಾವು ತೆರಬೇಕು. ಅವು ಮತ್ತೆ ಕೂಡಿದರೆ ಅಷ್ಟೇ ಶಕ್ತಿ ಹೊರಬರುತ್ತದೆ. ಬಂಧವು ಮುರಿಯುವಾಗ ಯಾವಾಗಲೂ ವೆಚ್ಚ, ಹುಟ್ಟುವಾಗ ಯಾವಾಗಲೂ ಆದಾಯ.

ಅಡಿಗೆಯ ಅನಿಲವು ಉರಿಯುವಾಗ ಅದರ ಬಂಧಗಳನ್ನೂ ಆಮ್ಲಜನಕದ ಬಂಧಗಳನ್ನೂ ಬಿಡಿಸಲು ಶಕ್ತಿ ಖರ್ಚಾಗುತ್ತದೆ. ಇಂಗಾಲಾಮ್ಲವಾಯುವಿನಲ್ಲಿಯೂ ನೀರಿನಲ್ಲಿಯೂ ಹೊಸ ಬಂಧಗಳು ಕೂಡುವಾಗ ಅದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ. ಮಿಗಿಲಾದುದೇ ನಮ್ಮ ಒಲೆಯ ಬಿಸಿ. ಮೊದಲ ವೆಚ್ಚಕ್ಕಾಗಿಯೇ ಕಡ್ಡಿ ಗೀರಬೇಕಾಗುವುದು. 'ಮುರಿ' ಎಂಬ ಪದವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದರ ಹಿಂದೆ 'ವೆಚ್ಚಮಾಡಿ' ಎಂಬುದನ್ನು ಸೇರಿಸಬೇಕೆಂದು ಹೇಳುತ್ತೇವೆ.

೭

ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು. ಬಾಲಕರಿಗೆ ಮೊದಲು ಕಥೆಯನ್ನು ಹೇಳಿಯೇ ಆಮೇಲೆ ತತ್ತ್ವವನ್ನು ಹೇಳಬೇಕು. ಸ್ಥೂಲಾರುಂಧತೀನ್ಯಾಯವು ಶಾಸ್ತ್ರಸಮ್ಮತವೇ ಅಲ್ಲವೆ? ಸಮ್ಮತವೇ. ಆದರೆ ಆ ನ್ಯಾಯದಲ್ಲಿ ಮೊದಲು ತೋರಿಸುವ ದೊಡ್ಡ ನಕ್ಷತ್ರವು ಅರುಂಧತಿಯ ಪಕ್ಕದಲ್ಲಿಯೇ ಇರಬೇಕು. ಪಶ್ಚಿಮದ ನಕ್ಷತ್ರವನ್ನು ತೋರಿಸಿ ಉತ್ತರದ ಅರುಂಧತಿಯನ್ನು ಕಾಣಿಸಲಾಗುವುದಿಲ್ಲ. ಜಂಟಿ ಸ್ವತ್ತು ಬಂಧದ ಪಕ್ಕದ ನಕ್ಷತ್ರ. ಹಂಚಿಕೆಯು ಎದುರು ದಿಕ್ಕಿನದು. ಉಪಮೆಯನ್ನು ನಿಷೇಧಿಸುವುದು ನಮ್ಮ ಮತವಲ್ಲ. ಉಪಮೆಯಿಂದ ಮುಂದಿನ ಸತ್ಯಕ್ಕೆ ದಾರಿಯಿದೆಯೆ, ಅಥವಾ ಅದನ್ನು ಕೆಡವಿಯೇ ಮುಂದೆ ಹೋಗಬೇಕೆ, ಎಂಬುದನ್ನು ನೋಡಬೇಕು.

ಆಖ್ಯಾತವನ್ನು ಎಚ್ಚರದಿಂದ ಆರಿಸಿದರೆ ಲಕ್ಷಣವಾಕ್ಯ ಹೇಗಿರುತ್ತದೆಂಬುದಕ್ಕೆ ನಿದರ್ಶನವು ನಮ್ಮ ಬೆಂಗಳೂರಿಗೇ ಸಂಬಂಧಪಟ್ಟದ್ದಿದೆ. ನೀರಿನ ಒಂದು ಅಣುವಿನ ಜಲಜನಕಕ್ಕೂ ನೆರೆಯ ಅಣುವಿನ ಆಮ್ಲಜನಕಕ್ಕೂ ಇರುವ ಸೆಳೆತವನ್ನು ಹೈಡ್ರೊಜನ್ ಬಂಧವೆನ್ನುತ್ತಾರೆ. ಅದಕ್ಕೆ ಹೊಸ ಲಕ್ಷಣವನ್ನು ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವು ೨೦೧೧ರಲ್ಲಿ ಪ್ರಕಟಿಸಿತು. ಆ ಕಾರ್ಯಸಮಿತಿಯ ಮುಖ್ಯಸ್ಥರಾಗಿದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಇ. ಅರುಣನ್ ಅವರು, ಅದೇ ಸಂಸ್ಥೆಯ ಗೌತಮ ದೇಸಿರಾಜು ಅವರೂ ಅದರಲ್ಲಿದ್ದರು. ಅದರ ಸಾರ ಹೀಗಿದೆ: ತನಗಿಂತ ಹೆಚ್ಚು ಋಣವಿದ್ಯುತ್ಪ್ರವಣವಾದ ಪರಮಾಣುವಿಗೆ ಅಂಟಿದ ಜಲಜನಕಕ್ಕೂ, ಅದೇ ಅಥವಾ ಬೇರೆ ಅಣುವಿನ ಒಂದು ಪರಮಾಣುವಿಗೆ ಅಥವಾ ಪರಮಾಣುಸಮೂಹಕ್ಕೂ ನಡುವೆ, ಬಂಧವಾದುದಕ್ಕೆ ಪ್ರಮಾಣವಿರುವ ಆಕರ್ಷಕವಾದ ಅನ್ಯೋನ್ಯಕ್ರಿಯೆ. ನೈಯಾಯಿಕನು ಕೂಡಲೆ ಕೇಳುವನು: ಬಂಧದ ಲಕ್ಷಣದಲ್ಲಿ ಬಂಧವೆಂಬ ಮಾತೇ ಬಂದರೆ ಆತ್ಮಾಶ್ರಯವಲ್ಲವೆ? ಅಲ್ಲ, ಏಕೆಂದರೆ ಪ್ರಮಾಣಗಳಾವುವೆಂಬುದನ್ನು ಅವರು ಪ್ರತ್ಯೇಕವಾಗಿ ಪಟ್ಟಿಮಾಡಿದ್ದಾರೆ: ಮೂರು ಪರಮಾಣುಗಳು ನೆಟ್ಟಗಿನ ರೇಖೆಯತ್ತ ಒಲೆಯುವುದು, ಜಲಜನಕದ ಮೊದಲಿನ ಬಂಧವು ಸಾಧಾರಣವಾಗಿ ನೀಳವಾಗಿ ಅದರ ಕಂಪನವು ತಗ್ಗುವುದು, ಇತ್ಯಾದಿ. ಹೊಗೆಯಿಂದ ಬೆಂಕಿಯಂತೆ, ಲಿಂಗದಿಂದ ಲಿಂಗಿಯ ಜ್ಞಾನ. ಈ ವಾಕ್ಯದಲ್ಲಿ ಬಯಕೆಯಿಲ್ಲ, ದಾನವಿಲ್ಲ, ಹಂಚಿಕೆಯಿಲ್ಲ.

೮

ಸಾಹಿತ್ಯದ ಪತ್ರಿಕೆಯಲ್ಲಿ ಈ ವಿಚಾರವೇಕೆ ಎಂದು ವಾಚಕಮಹಾಶಯರು ಕೇಳಬಹುದು. ಪಾಠವೊಂದು ಸಿದ್ಧವಾಗುವಾಗ ಪಂಡಿತರು ಶಬ್ದದ ಶುದ್ಧಿಯನ್ನೂ ರಸಾಯನಜ್ಞರು ಸಮೀಕರಣವನ್ನೂ ನೋಡಿ, ವಾಕ್ಯವನ್ನು ಯಾರೂ ನೋಡದೆ ಬಿಟ್ಟರೆ ದೋಷವು ಆ ಎಡೆಯಲ್ಲಿ ಸೇರಿಕೊಳ್ಳುತ್ತದೆ. ವಾಕ್ಯವನ್ನು ಪರೀಕ್ಷಿಸುವ ವಿದ್ಯೆಯು ಸಾಹಿತ್ಯದ ಅಧ್ಯಾಪಕರ ಸ್ವತ್ತು. ಕಾವ್ಯದಲ್ಲಿ ಉತ್ಪ್ರೇಕ್ಷೆಯ ಎಲ್ಲೆಯನ್ನು ಗುರುತಿಸಬಲ್ಲವರು ಶಾಸ್ತ್ರಪಾಠದಲ್ಲಿ ಅದು ಎಲ್ಲೆ ಮೀರಿದುದನ್ನು ಗುರುತಿಸಲಾರದೆ ಹೋಗುವುದಿಲ್ಲ. ಬೆಳ್ಳಾವೆಯವರು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದೂ ಹಳಗನ್ನಡ ಕಾವ್ಯಗಳ ಪರಿಷ್ಕರಣದಲ್ಲಿ ದುಡಿದರು. ಎರಡೂ ಒಂದೇ ಎಚ್ಚರದ ಕೆಲಸಗಳೆಂದು ಅವರ ಬಾಳೇ ತೋರಿಸುತ್ತದೆ.

ಕನ್ನಡದಲ್ಲಿ ಕಲಿತವನಿಗೆ ವಿಜ್ಞಾನವು ಮಸುಕಾಗಿ ತಿಳಿಯುತ್ತದೆಂಬ ಅಪವಾದವನ್ನು ನಾವು ಬಹುಕಾಲದಿಂದ ಕೇಳುತ್ತಿದ್ದೇವೆ. ಅಪವಾದಕ್ಕೆ ಕಾರಣ ಭಾಷೆಯ ಬಡತನವೆಂದು ಹೇಳುವವರು ಈ ನಾಲ್ಕು ಪದಗಳನ್ನು ಮತ್ತೊಮ್ಮೆ ನೋಡಲಿ. 'ಹಂಚಿಕೊಳ್ಳು' ಎಂಬ ಮಾತು ತನ್ನ ಅರ್ಥವನ್ನು ಸ್ಪಷ್ಟವಾಗಿಯೇ ಹೇಳಿತು. ಆ ಅರ್ಥವನ್ನು ಕೇಳಿಸಿಕೊಳ್ಳದೆ ಅದನ್ನು ಬೇರೊಂದರ ಸ್ಥಾನದಲ್ಲಿ ಕೂರಿಸಿದವರು ನಾವು. ಮುಂದಿನ ಪಾಠಗಳನ್ನು ಬರೆಯುವವರೂ ತಿದ್ದುವವರೂ ನಾಮಪದಗಳ ಪಟ್ಟಿಯು ಮುಗಿದ ಮೇಲೆ, ಅವುಗಳ ಜೊತೆಗೆ ಬರತಕ್ಕ ಕ್ರಿಯಾಪದಗಳ ಪಟ್ಟಿಯೊಂದನ್ನು ಮಾಡಿ, ರಸಾಯನಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಪರೀಕ್ಷಿಸುವರೆಂದು ಹಾರೈಸುತ್ತೇವೆ.